ಮೊಳೆ ಮುಗಿಯುವವರೆಗೆ

ನನ್ನ ಹೆಂಡತಿ ಮಂಗಳಾ ಸೀರೆ ಉಡುವಾಗ ತುಟಿಗಳ ನಡುವೆ ನಾಲ್ಕೈದು ಪಿನ್ನು ಕಚ್ಚಿಕೊಂಡಿರುತ್ತಾಳೆ. ಸರಿಯಾಗಿ ಅದೇ ಹೊತ್ತಿಗೆ ನನಗೆ ಅವಳನ್ನು ಏನಾದರೂ ಕೇಳಬೇಕು ಅನ್ನಿಸುತ್ತದೆ. ಬಾಗಿಲ ಬಳಿ ನಿಂತು, 'ನನ್ನ ಕನ್ನಡಕ ಕಂಡೆಯಾ?' ಎನ್ನುತ್ತೇನೆ. ಉತ್ತರವಿಲ್ಲ. ಇನ್ನೊಮ್ಮೆ ಕೇಳುತ್ತೇನೆ. ಕನ್ನಡಿಯೊಳಗಿನಿಂದ ಒಂದು ಸಲ ನೋಡುತ್ತಾಳೆ, ಅಷ್ಟೆ. ನಾನು ಲೆಕ್ಕ ಹಾಕಲು ಶುರು ಮಾಡುತ್ತೇನೆ. ನಿನ್ನೆ ಏನಾದರೂ ಅಂದೆನೆ? ಅವಳ ತಮ್ಮ ಫೋನು ಮಾಡಿದಾಗ ಮುಖ ಗಂಟು ಹಾಕಿದೆನೆ? ತಡೆಯಲಾರದೆ, 'ಆವತ್ತು ಸಾರಿಗೆ ಉಪ್ಪು ಕಮ್ಮಿ ಅಂದಿದ್ದು ತಮಾಷೆಗೆ ಕಣೆ' ಎಂದು ಒಂದು ತಪ್ಪನ್ನು ಒಪ್ಪಿಕೊಂಡೂ ಬಿಡುತ್ತೇನೆ. ಅಷ್ಟರಲ್ಲಿ ಕೊನೆಯ ಪಿನ್ನು ಹೆಗಲ ಮೇಲಿನ ನೆರಿಗೆಗೆ ಸೇರಿ ಅವಳ ಬಾಯಿ ಖಾಲಿಯಾಗುತ್ತದೆ. 'ಕನ್ನಡಕ ಫ್ರಿಜ್ಜಿನ ಮೇಲೈತೆ. ಅದಿರ್ಲಿ, ಉಪ್ಪು ಕಮ್ಮಿ ಅಂತ ಯಾವಾಗ್ರೀ ಅಂದಿದ್ದು?'

ಹೀಗೆ ಇಲ್ಲದ ಜಗಳವೊಂದು ನಮ್ಮ ಮನೆಯಲ್ಲಿ ಹುಟ್ಟುತ್ತದೆ.

ಯಾರಾದರೂ ಸುಮ್ಮನಿದ್ದರೆ ಅದಕ್ಕೊಂದು ಕಾರಣ ಕಟ್ಟುವ ಕಾಯಿಲೆ ನನಗೆ ಮೊದಲಿನಿಂದಲೂ ಇದೆ. ಈ ಕಾಯಿಲೆಯವರು ಒಂದೋ ಬಿ.ಪಿ. ಗುಳಿಗೆ ನುಂಗುತ್ತಾರೆ, ಇಲ್ಲವೇ ಕಥೆ ಬರೆಯುತ್ತಾರೆ. ನಾನು ಎರಡನ್ನೂ ಮಾಡುತ್ತೇನೆ. ಗುಳಿಗೆ ದಿನಕ್ಕೊಂದು. ಕಥೆ ಮೂರು ವರ್ಷಕ್ಕೊಂದು. ಈಗ ಐವತ್ತಮೂರು ತುಂಬಿರುವ ನನ್ನ ಹತ್ತಿರ ಒಟ್ಟು ಹನ್ನೊಂದು ಕಥೆಗಳಿವೆ. ಅವುಗಳಲ್ಲಿ ಹತ್ತನ್ನು ಬರೆದಿದ್ದೇನೆ ಎಂದು ಮಂಗಳಾಳಿಗೂ ನೆನಪಿಲ್ಲ. ಉಳಿದ ಒಂದನ್ನು ಮಾತ್ರ ಜನ ಓದಿದ್ದಾರೆ, ಹೊಗಳಿದ್ದಾರೆ, ಜೆರಾಕ್ಸ್ ಮಾಡಿ ಹಂಚಿದ್ದಾರೆ. ಅದರ ಹೆಸರು 'ರಟ್ಟು'.

ಕಳೆದ ವರ್ಷ ಮಂಡ್ಯದಲ್ಲಿ ಪ್ರೆಸ್ ಇಟ್ಟಿರುವ ನನ್ನ ಗೆಳೆಯ ಲಿಂಗರಾಜು, 'ಲೇ, ರಿಟೈರ್ ಆಗೋದ್ರೊಳ್ಗೆ ಒಂದ್ ಪುಸ್ತಕ ತಂದ್ಬುಡಾಣ ಕಣ್ಲಾ. ಆಮೇಲೆ ಆಫೀಸಿನೋರೂ ತಗೊಳಕಿಲ್ಲ' ಎಂದು ಹನ್ನೊಂದೂ ಕಥೆಗಳನ್ನು ಕಂಪೋಸ್ ಮಾಡಿಸಿದ. ಪುಸ್ತಕಕ್ಕೂ 'ರಟ್ಟು' ಎಂದೇ ಹೆಸರು. ಮುಖಪುಟದ ಚಿತ್ರವನ್ನು ವಾಟ್ಸಾಪಿನ ಹತ್ತಾರು ಗುಂಪುಗಳಿಗೆ ಹಾಕಿದ. ಅಭಿನಂದನೆಯ ಹೂಗುಚ್ಛಗಳು ಸಾಲಾಗಿ ಬಂದವು. ನಾನು ಒಂದೊಂದಕ್ಕೂ ಕೈ ಮುಗಿಯುತ್ತ ಕೂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

'ಸಾರ್, ನಾನು ನಸೀಮಾ ಅಂತ. ಹನಕೆರೆ ಕಡೆ ಹೈಸ್ಕೂಲಲ್ಲಿ ಕನ್ನಡ ಮೇಡಮ್ಮು. ಮದ್ದೂರು ಸೀಟ್ ಸತ್ತಾರ್ ಸಾಬ್ರ ಮಗಳು.'

ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ.

'ರಟ್ಟು ಕಥೆ ನೀವೇ ಬರೆದಿದ್ದಾ?'

'ಹೌದು' ಎಂದೆ. ಇಲ್ಲ ಎನ್ನಲು ಮುಖಪುಟ ಊರೆಲ್ಲ ತಿರುಗಿಯಾಗಿತ್ತು.

'ಅದ್ರಲ್ಲಿ ಪೇಪರಲ್ಲಿ ಸುತ್ತಿದ ಅರ್ಜಿ ಹಿಡ್ಕೊಂಡು, ಪಾದದ ಮೇಲೆ ಪಾದ ಇಟ್ಟು ನಿಂತಿರೋ ಹುಡುಗಿ ನಾನೇ. ಅಪ್ಪ ನಮ್ಮ ಅಬ್ಬಾನೇ ಅಲ್ವಾ?'

ನಾನು ಸುಮ್ಮನಾದೆ. ನನ್ನ ಬಾಯಲ್ಲಿ ಪಿನ್ನೂ ಇರಲಿಲ್ಲ, ಏನೂ ಇರಲಿಲ್ಲ.

ಅವರು ಹೇಳಿದ್ದು ಇಷ್ಟು. ಎರಡು ತಿಂಗಳ ಹಿಂದೆ ಶಿಕ್ಷಕರ ತರಬೇತಿಯೊಂದರಲ್ಲಿ 'ಕಥೆಯಲ್ಲಿ ಪಾತ್ರ ಮತ್ತು ಪರಿಸರ' ಎಂಬ ಪಾಠಕ್ಕೆ ನನ್ನ ಕಥೆಯ ಜೆರಾಕ್ಸ್ ಹಂಚಿದ್ದರು. ಕೊನೆಯಲ್ಲಿ ಪ್ರಶ್ನೆಗಳು. ಒಂದು: ತಂದೆಯ ಮೌನಕ್ಕೆ ಕಾರಣವೇನು? ಎರಡು: ಆ ಮೌನಕ್ಕೂ ಅವನು ಹುಟ್ಟಿ ಬೆಳೆದ ಸಮುದಾಯಕ್ಕೂ ಇರುವ ಸಂಬಂಧವೇನು? ಪಾಠ ಮಾಡುತ್ತಿದ್ದವರು ಸುತ್ತ ನೋಡಿ, ಬಹಳ ಗೌರವದಿಂದಲೇ, 'ಇದನ್ನ ನಸೀಮಾ ಮೇಡಂ ಚೆನ್ನಾಗಿ ಹೇಳ್ತಾರೆ' ಎಂದರಂತೆ.

'ನಲವತ್ತು ಜನ ನನ್ನ ಮುಖ ನೋಡ್ತಾವ್ರೆ ಸಾರ್. ನಾನು ಏನ್ ಹೇಳ್ಲಿ? ನಮ್ಮಪ್ಪ ನನ್ನ ಓದಿಸಿದ್ರು ಅಂತ ಹೇಳಿದ್ರೆ, ಕಥೆ ಬಗ್ಗೆ ಮಾತಾಡಿ ಮೇಡಂ ಅಂತಾರೆ. ಆ ಕಥೆ ಪುಸ್ತಕಕ್ಕೆ ಹಾಕ್ಬೇಡಿ. ಹಾಕ್ಲೇಬೇಕು ಅಂದ್ರೆ ಮೊದಲು ಅಬ್ಬಾನ ಮುಂದೆ ಕೂತ್ಕೊಂಡು ಓದಿ. ಅವರು ಹೂಂ ಅಂದ್ರೆ ನಂದೇನೂ ಅಡ್ಡಿಯಿಲ್ಲ.'

'ಸಾಬ್ರು...' ಎಂದು ನಾನು ಎಳೆದೆ. ಎಂಬತ್ತು ದಾಟಿರಬೇಕಾದ ಮನುಷ್ಯರ ವಿಚಾರ, ಹೇಗೆ ಕೇಳುವುದು?

'ಇದಾರೆ ಸಾರ್. ಬರೋ ಭಾನುವಾರ ಬನ್ನಿ' ಎಂದು ಇಟ್ಟುಬಿಟ್ಟರು.

ಇನ್ನು ನನ್ನ ತಪ್ಪನ್ನು ಹೇಳಲೇಬೇಕು. ಮೂವತ್ತು ವರ್ಷಕ್ಕೂ ಹಿಂದೆ ನಾನು ಮಂಡ್ಯದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಮನೆ ಸೋಮನಹಳ್ಳಿಯಲ್ಲಿತ್ತು. ಅಪ್ಪನ ಮೊಪೆಡ್ಡಿನ ಸೀಟು ಹರಿದು ಒಳಗಿನ ತೆಂಗಿನ ನಾರು ಹೊರಗೆ ಇಣುಕುತ್ತಿತ್ತು. ಅದನ್ನು ಹೊಲಿಸಿಕೊಂಡು ಬಾ ಎಂದು ಅಪ್ಪ ನನ್ನನ್ನು ಮದ್ದೂರಿಗೆ ಕಳಿಸಿದರು. ಸತ್ತಾರ್ ಸಾಬರು ಬಸ್ಸು, ಲಾರಿ, ಜೀಪು, ಸ್ಕೂಟರು ಯಾವುದರ ಸೀಟನ್ನಾದರೂ ಹೊಸದು ಮಾಡಿಕೊಡುತ್ತಿದ್ದರು. ಅವರ ಕೆಲಸದ ರೀತಿಯೇ ಒಂದು ನೋಟ. ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳುವರು. ಎಡಗೈಯಲ್ಲಿ ರೆಕ್ಸಿನ್ನನ್ನು ಹಲಗೆಯ ಅಂಚಿಗೆ ಬಿಗಿಯಾಗಿ ಎಳೆದು ಹಿಡಿದಿರುವುದರಿಂದ ಆ ಕೈ ಬಿಡುವ ಹಾಗಿಲ್ಲ. ಬಲಗೈಯಲ್ಲಿ ಮೊಳೆಯನ್ನು ತಾನೇ ಕಚ್ಚಿಕೊಳ್ಳುವ ಅಯಸ್ಕಾಂತದ ಮೂತಿಯ ಸುತ್ತಿಗೆ. ಮೊಳೆ ಬೇಕಾದಾಗ ನಾಲಿಗೆಯೇ ಒಂದೊಂದನ್ನು ತಲೆ ಮುಂದಾಗಿ ತುಟಿಗೆ ತಂದುಕೊಡುತ್ತಿತ್ತು. ಮೊಳೆ ಮುಗಿಯುವ ತನಕ ರಾಜ್ಯದ ಮುಖ್ಯಮಂತ್ರಿಯೇ ಬಂದು ನಿಂತರೂ ಸಾಬರು ಮಾತಾಡುವಂತಿರಲಿಲ್ಲ. ಎಡಗೈಯ ಕಿರುಬೆರಳನ್ನು ಮಾತ್ರ ಒಂದಿಷ್ಟು ಎತ್ತುವರು. ತಾಳು ಎಂದು ಅದರರ್ಥ.

ಆವತ್ತು ನನ್ನ ಸೀಟು ಮುಗಿಯುತ್ತ ಬಂದಿತ್ತು. ಆಗ ಅವರ ಮಗಳು ಬಂದಳು. ಹದಿನೇಳು ಹದಿನೆಂಟು ಇರಬಹುದು. ಕೈಯಲ್ಲಿ ನ್ಯೂಸ್ ಪೇಪರಿನಲ್ಲಿ ಸುತ್ತಿದ್ದ ಕಾಲೇಜಿನ ಅರ್ಜಿ. ಒಂದು ಪಾದವನ್ನು ಇನ್ನೊಂದರ ಮೇಲಿಟ್ಟು ನಿಂತು, 'ಅಬ್ಬಾ, ಹದ್ನೈದ್ನೇ ತಾರೀಕು ಕೊನೇದಂತೆ. ಮಂಡ್ಯ ಕಾಲೇಜಿಗೆ ಹಾಕ್ಲಾ?' ಎಂದಳು. ಅಂಗಡಿಯಲ್ಲಿ ನಾನೂ ಇದ್ದುದರಿಂದಲೋ ಏನೋ ಕನ್ನಡದಲ್ಲೇ ಕೇಳಿದಳು. ಸಾಬರು ಅವಳನ್ನು ನೋಡಿದರು. ಮಾತಾಡಲಿಲ್ಲ. ಟಕ್, ಟಕ್. ಅವಳು ನಿಂತೇ ಇದ್ದಳು.

ನನಗೋ ಬೇರೆಯೇ ಚಿಂತೆ. ನನ್ನ ಹತ್ತಿರ ಲೈಸೆನ್ಸ್ ಇರಲಿಲ್ಲ, ಐದು ಗಂಟೆಗೆ ಸರ್ಕಲ್ಲಿನಲ್ಲಿ ಪೊಲೀಸರು ನಿಲ್ಲುತ್ತಾರೆ ಎಂದು ಯಾರೋ ಹೇಳಿದ್ದರು. ಗಂಟೆ ನಾಲ್ಕೂ ಮುಕ್ಕಾಲು. 'ಸಾಕು ಬಿಡಿ ಸಾಬ್ರೇ, ಇಷ್ಟೇ ಸಾಕು' ಎಂದು ಸೀಟನ್ನು ಅವರ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡೆ. ಬಾಯಲ್ಲಿ ಇನ್ನೆರಡು ಮೊಳೆ ಇಟ್ಟುಕೊಂಡೇ ಅವರು ಏನೋ 'ಊಂ ಊಂ' ಎಂದರು. ನಾನು ಸೀಟು ಸಿಕ್ಕಿಸಿಕೊಂಡು ಪರಾರಿಯಾದೆ. ಸರ್ಕಲ್ಲಿನಲ್ಲಿ ಯಾವ ಪೊಲೀಸೂ ಇರಲಿಲ್ಲ.

ಮಗಳ ಪ್ರಶ್ನೆ, ಅಪ್ಪನ ಮೌನ. ನಾನು ಮನೆಗೆ ತಂದದ್ದು ಅಷ್ಟನ್ನೇ. ಉತ್ತರ ಆ ಎರಡು ಮೊಳೆಗಳ ಹಿಂದೆ ಅಂಗಡಿಯಲ್ಲೇ ಉಳಿಯಿತು.

ಹತ್ತು ವರ್ಷದ ಮೇಲೆ ನೌಕರಿಯ ದೆಸೆಯಿಂದ ಮಳವಳ್ಳಿಯಲ್ಲಿ ಒಂದು ರೂಮು ಹಿಡಿದಿದ್ದಾಗ ಆ ದೃಶ್ಯ ಮತ್ತೆ ನೆನಪಿಗೆ ಬಂತು. ಬರೆಯಲು ಕೂತೆ. ಕೂತೊಡನೆ ಭಯ. ಮದ್ದೂರು ಎಂದು ಬರೆದರೆ ಸಾಬರಿಗೆ ಗೊತ್ತಾಗುತ್ತದೆ. ಸರಿ, ಮಳವಳ್ಳಿ ಎಂದು ಬರೆದೆ. ಸೀಟು ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ನನ್ನ ರೂಮಿನ ಕೆಳಗೇ ಒಬ್ಬರು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದರು. ಸಾಬರನ್ನು ಅದೇ ಕಸುಬಿಗೆ ಹಾಕಿದೆ. ರಟ್ಟು ಹಾಕುವವನ ಬಾಯಲ್ಲಿ ಮೊಳೆ ಇರುವುದಿಲ್ಲವಲ್ಲ, ಮೊಳೆಗಳನ್ನು ತೆಗೆದೆ. ಮೊಳೆ ಹೋದರೇನು, ಮೌನ ಉಳಿದಿದೆಯಲ್ಲ, ಅದೇ ಮುಖ್ಯ ಎಂದುಕೊಂಡೆ. ಊರಿನವರ ಪುಸ್ತಕಗಳಿಗೆಲ್ಲ ರಟ್ಟು ಹಾಕುವ ಅಪ್ಪ, ಓದುತ್ತೇನೆ ಎಂದ ಸ್ವಂತ ಮಗಳಿಗೆ ಉತ್ತರ ಕೊಡುವುದಿಲ್ಲ. ಮಗಳು ಆ ಅರ್ಜಿಯನ್ನು ರದ್ದಿ ಕಾಗದದ ರಾಶಿಗೆ ಸೇರಿಸುತ್ತಾಳೆ. ಮಾರನೆಯ ದಿನ ಅದು ಯಾರದೋ ಪುಸ್ತಕದ ರಟ್ಟಿನೊಳಗೆ ಅಂಟಿಕೊಳ್ಳುತ್ತದೆ. ಆ ಕೊನೆಯ ಸಾಲು ಬರೆದ ದಿನ ಖುಷಿಗೆ ಎರಡು ಸಲ ಕಾಫಿ ಕುಡಿದೆ.

ಕಥೆ ಅಚ್ಚಾದ ಮೇಲೆ ಹೊಸ ಭಯ. ರೂಮಿನ ಕೆಳಗಿದ್ದ ರಟ್ಟಿನವರು ಇದು ತಮ್ಮನ್ನೇ ಕುರಿತದ್ದು ಎಂದುಕೊಂಡರೆ? ಅವರ ಮುಖಭಾವ ಪರೀಕ್ಷಿಸಲು ದಿನಕ್ಕೆರಡು ಸಲ ಅಂಗಡಿ ಮುಂದೆ ಸುಳಿದಾಡಿದೆ. ನಾಲ್ಕನೆಯ ದಿನ ಅವರೇ, 'ಏನ್ ಸ್ವಾಮಿ, ರಟ್ಟಾಕುಸ್ಬೇಕಾ? ನಾಚ್ಕೆ ಯಾಕೆ, ತನ್ನಿ ಮತ್ತೆ' ಎಂದರು. ಸಂಕೋಚಕ್ಕೆ ಮೂರು ಹಳೆಯ ಪುಸ್ತಕಗಳಿಗೆ ರಟ್ಟು ಹಾಕಿಸಿದೆ. ಅವು ಇನ್ನೂ ಗಟ್ಟಿಯಾಗಿವೆ.

ಒಂದು ಊರಿನಿಂದ ಕಿತ್ತು ಇನ್ನೊಂದು ಊರಿನಲ್ಲಿ ನೆಟ್ಟರೆ ಮಾತಿನ ಅರ್ಥವೇ ತಿರುಗುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ಲಿಂಗರಾಜು ತಿಂಗಳ ಮೇಲೆ ಸಿಕ್ಕರೆ, 'ಇನ್ನೂ ಸತ್ತಿಲ್ವೇನ್ಲಾ ನೀನು?' ಎಂದು ತಬ್ಬಿಕೊಳ್ಳುತ್ತಾನೆ. ನಮ್ಮ ಕಡೆ ಇದಕ್ಕಿಂತ ಪ್ರೀತಿಯ ಮಾತು ಕಡಿಮೆ. ಇದನ್ನೇ ಒಂದು ಕಥೆಯಲ್ಲಿ ಬರೆದು ದೂರದ ಊರಿನ ಪತ್ರಿಕೆಗೆ ಕಳಿಸಿದೆ. 'ಇಬ್ಬರು ಹಗೆಗಳು ಎದುರಾಗುವ ದೃಶ್ಯ ಚೆನ್ನಾಗಿದೆ, ಆದರೆ ಹಗೆಗೆ ಕಾರಣ ತಿಳಿಸಿಲ್ಲ' ಎಂದು ಸಂಪಾದಕರು ವಾಪಸು ಕಳಿಸಿದರು. ನಾನೂ ಲಿಂಗರಾಜುವೂ ಆ ಕಾಗದ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ನಮ್ಮ ಬೈಗುಳಕ್ಕೆ ಅನ್ವಯಿಸಿದ ತಿಳಿವಳಿಕೆಯನ್ನು ಸಾಬರ ಮೌನಕ್ಕೆ ನಾನು ಅನ್ವಯಿಸಲಿಲ್ಲ, ಅಷ್ಟೆ. ವಿಮರ್ಶಕರೊಬ್ಬರು ಅದನ್ನು 'ಒಂದು ಇಡೀ ಸಮುದಾಯದ ಮೌನ' ಎಂದು ಬರೆದಾಗ ನನಗೆ ಇರಿಸುಮುರಿಸಾಯಿತು. ಆದರೂ ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಬರಲಿಕ್ಕಿಲ್ಲ. ಆ ಹುಡುಗಿ ಕಾಲೇಜು ಸೇರಿದ್ದು ಕಥೆ ಬರೆಯುವಾಗ ನನಗೆ ಗೊತ್ತಿತ್ತು. ಅವಳು ಪುಸ್ತಕ ಎದೆಗವಚಿಕೊಂಡು ಮಂಡ್ಯದ ಬಸ್ಸು ಹತ್ತುವುದನ್ನು ನಾನು ಅದೇ ವರ್ಷ ಕಂಡಿದ್ದೆ. ಕಂಡೂ ಹಾಗೆ ಬರೆದೆ. ಅಪ್ಪ ಮಗಳನ್ನು ಓದಿಸದಿದ್ದರೆ ಕಥೆ ಚೆನ್ನಾಗಿ ಬರುತ್ತಿತ್ತು.

ಭಾನುವಾರಕ್ಕೆ ಮೊದಲು ಲಿಂಗರಾಜುವಿನ ಪ್ರೆಸ್ಸಿಗೆ ಹೋಗಿ ಎಲ್ಲ ಹೇಳಿದೆ. 'ಆ ಕಥೆ ತೆಗೆದುಬಿಡೋಣ ಅಂತೀಯಾ?'

'ತೆಗುದ್ರೆ ಉಳಿಯಾದೇನ್ಲಾ, ಮುನ್ನುಡಿನಾ?' ಎಂದ. 'ಇರಾದೇ ಒಂದ್ ಕಥೆ. ಪುಸ್ತಕದ್ ಎಸ್ರೂ ಅದೇ. ಓಗು, ಸಾಬ್ರ ಕಾಲ್ ಇಡ್ಕೊ. ದೊಡ್ ಮನುಸ್ರು, ಹೂಂ ಅಂದೇ ಅಂತಾರೆ. ಅನ್ನಾಗಂಟ ನಾನ್ ಮಿಸಿನ್ ಓಡ್ಸಾಕಿಲ್ಲ.'

ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಬಹಳ ಯೋಚಿಸಿದೆ. ಮಿಠಾಯಿ ಒಯ್ದರೆ ಸಕ್ಕರೆ ಕಾಯಿಲೆ ಇದ್ದೀತು. ಹೂವು ಒಯ್ದರೆ ವಿಚಿತ್ರ. ಕೊನೆಗೆ ಆಸ್ಪತ್ರೆಗೆ ಹೊರಟವನ ಹಾಗೆ ಒಂದು ಕೆ.ಜಿ. ಸೇಬು ಹಿಡಿದು ಮದ್ದೂರಿನ ಹಳೆಯ ರಸ್ತೆಯ ಅಂಗಡಿಗೆ ಹೋದೆ. ಈಗ ಅದನ್ನು ಸಾಬರ ಮಗ ನಡೆಸುತ್ತಾನೆ. ಕಾರಿನ ಸೀಟಿಗೆ ಯಂತ್ರದಲ್ಲೇ ಹೊಲಿದ ಕವರು ಹಾಕುವ ಕೆಲಸ. ಅವನು ಗೆಜ್ಜಲಗೆರೆಗೆ ಯಾವುದೋ ಫ್ಯಾಕ್ಟರಿ ವ್ಯಾನಿನ ಅಳತೆ ತೆಗೆಯಲು ಹೋಗಿದ್ದನಂತೆ. ಒಳಗೆ ಸಾಬರು ಒಂದು ಹಳೆಯ ಬಸ್ಸಿನ ಸೀಟಿನ ಮೇಲೆ, ಬಸ್ಸಿಲ್ಲದೆ, ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ನಸೀಮಾ. ಐವತ್ತು ಸಮೀಪಿಸಿದ, ಕನ್ನಡಕ ಹಾಕಿದ, ತಪ್ಪು ಕಂಡರೆ ಬಿಡುವುದಿಲ್ಲ ಎಂಬ ಮುಖದ ಮೇಡಂ. ಕೈಯಲ್ಲಿ ಜೆರಾಕ್ಸ್ ಪ್ರತಿ ಇತ್ತು.

ನಾನು ಸೋಮನಹಳ್ಳಿಯ ಇಂಥವರ ಮಗ ಎಂದು ಹೇಳಿಕೊಂಡೆ.

ಸಾಬರು ನನ್ನ ತಲೆಯನ್ನು ನೋಡಿದರು. 'ಕೂದ್ಲೆಲ್ಲ ಎಲ್ಲೋಯ್ತಪ್ಪಾ? ನಿಮ್ಮಪ್ಪಂಗೆ ಈ ವಯಸ್ಸಲ್ಲೂ ತಲೆ ತುಂಬ ಇತ್ತು. ಇದೇನಿದು, ಆಪಲ್ಲು? ನಂಗೇನ್ ಕಾಯ್ಲೆ? ಹಲ್ಲಿಲ್ಲ ಅಷ್ಟೇಯ. ಎಲ್ಲಾ ಮೊಳೆ ತಿಂದ್ಬುಟ್ಟೋ.'

'ಅಬ್ಬಾ, ಇವರು ಒಂದು ಕಥೆ ಬರೆದವ್ರೆ. ನಿಮಗೆ ಓದಬೇಕಂತೆ' ಎಂದು ನಸೀಮಾ ಜೆರಾಕ್ಸನ್ನು ನನ್ನ ಕೈಗೆ ಕೊಟ್ಟರು.

ಓದಿದೆ. ನನ್ನ ಕಥೆ ಇಷ್ಟು ಉದ್ದ ಇದೆ ಎಂದು ಅಂದೇ ಗೊತ್ತಾದದ್ದು. ಮಗಳು ಬಂದು ಕೇಳುವ ಜಾಗಕ್ಕೆ ಬಂದಾಗ ಸಾಬರು ಕೈ ಎತ್ತಿ ನಿಲ್ಲಿಸಿದರು.

'ಆಗ ಅವ್ನು ಏನ್ ಕೆಲ್ಸ ಮಾಡ್ತಾವ್ನೆ?'

'ಏನಿಲ್ಲ ಸಾಬ್ರೇ. ಸುಮ್ನೆ ನಿಂತಿದಾನೆ.'

'ಕೈನಾಗೆ ಏನೈತೆ?'

ಪುಟ ನೋಡಿದೆ. ಬರೆದಿರಲಿಲ್ಲ. 'ಏನೂ ಇಲ್ಲ.'

'ಕೈನಾಗೂ ಏನಿಲ್ಲ, ಬಾಯ್ನಾಗೂ ಏನಿಲ್ಲ. ಮಗ್ಳು ಬಂದು ಕೇಳ್ತಾವ್ಳೆ, ಸುಮ್ಕೆ ನಿಂತವ್ನೆ!' ಸಾಬರಿಗೆ ನಿಜವಾಗಿ ಸಿಟ್ಟು ಬಂತು. 'ಎಂಥಾ ನನ್ಮಗನಪ್ಪಾ ಅವ್ನು? ಹೂಂ ಅನ್ಬೇಕು, ಊಹೂಂ ಅನ್ಬೇಕು. ನಾಕ್ ಬಿಡ್ಬೇಕು ಅಂಥೋನ್ಗೆ.'

'ಅವನು ನೀವೇ ಅಂತೆ ಅಬ್ಬಾ' ಎಂದರು ನಸೀಮಾ.

'ನಾನಾ? ನಾನ್ ಯಾವತ್ತು ಮಳವಳ್ಳಿಯಾಗೆ ರಟ್ಟಾಕ್ತಿದ್ದೆ?'

ಅಂಗಡಿಯ ಶಟರನ್ನು ಯಾರಾದರೂ ನನ್ನ ಮೇಲೆ ಎಳೆದರೆ ಚೆನ್ನಾಗಿತ್ತು. ಆದರೂ ಹೇಳಿದೆ. ಆವತ್ತಿನ ಮೊಪೆಡ್ಡು, ಮೊಳೆ, ಮಗಳು, ಅರ್ಜಿ, ನನ್ನ ಅವಸರ, ಎಲ್ಲವನ್ನೂ. ಬಸ್ಸಿನಲ್ಲಿ ನಸೀಮಾ ಅವರನ್ನು ಕಂಡ ಮೇಲೂ ಹಾಗೆ ಬರೆದೆ ಎಂಬುದನ್ನೂ. ನಸೀಮಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ನನ್ನ ಕಡೆ ನೋಡಲಿಲ್ಲ.

ಸಾಬರು ಕಣ್ಣು ಕಿರಿದು ಮಾಡಿ ಯೋಚಿಸಿದರು. 'ಇವ್ಳು ಕೇಳಿದ್ದು ನೆಪ್ಪಿಲ್ಲಪ್ಪ. ದಿನಾ ಯಾರಾದ್ರೂ ಏನಾದ್ರೂ ಕೇಳೋರು. ಮೊಪೆಡ್ ನೆಪ್ಪೈತೆ. ಕಂದು ರೆಕ್ಸಿನ್ನು. ಹಿಂದ್ಗಡೆ ಎಡ ಮೂಲೆ. ಎರಡು ಮೊಳೆ ಬಾಕಿ, ತಾಳು ತಾಳು ಅಂತ ಹೇಳ್ತಾನೇ ಇವ್ನಿ, ಎತ್ಕೊಂಡು ಓಡೋದೆ. ಆ ಮೂಲೆ ಎದ್ದಿರ್ಬೇಕಲ್ಲ?'

ಎದ್ದಿತ್ತು. ಆ ವರ್ಷದ ಮಳೆಗಾಲವೆಲ್ಲ ಅಪ್ಪನ ಪ್ಯಾಂಟು ಹಿಂದೆ ಒದ್ದೆಯಾಗುತ್ತಿತ್ತು. ಸಾಬರ ಕೆಲಸವೇ ಸರಿಯಿಲ್ಲ ಎಂದು ನಾನೇ ಅಪ್ಪನಿಗೆ ಹೇಳಿದ್ದೆ. ಇದನ್ನು ಮಾತ್ರ ಆ ದಿನ ಅಲ್ಲಿ ಹೇಳಲಿಲ್ಲ. ಒಂದೇ ಭಾನುವಾರಕ್ಕೆ ಎಷ್ಟೆಂದು ಒಪ್ಪಿಕೊಳ್ಳುವುದು?

'ನೀವು ಹೋದ ಮೇಲೆ ಏನಾಯ್ತು ಗೊತ್ತಾ ಸಾರ್?' ಎಂದರು ನಸೀಮಾ. 'ಆ ಎರಡು ಮೊಳೆ ಕೈಗೆ ಉಗುಳ್ಕೊಂಡು ಅಬ್ಬಾ ಕೇಳಿದ್ದು ಒಂದೇ ಮಾತು. ಯಾವ ಬಸ್ಸು, ಅಂತ.'

'ಯಾವ ಬಸ್ಸು?'

'ಅಷ್ಟೇ. ಓದು ಅಂತಲೂ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಬೆಳಿಗ್ಗೆ ಎಂಟೂವರೆ ಪ್ರೈವೇಟ್ ಬಸ್ಸು ಅಂದೆ. ಮಾರನೇ ದಿನ ಅಬ್ಬಾ ಅಂಗಡಿ ತೆಗೀಲಿಲ್ಲ. ಆ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿ ವಾಪಸ್ ಬಂದ್ರು.'

'ಆ ಬಸ್ಸಾ?' ಸಾಬರ ಮುಖ ಒಮ್ಮೆಲೇ ಅರಳಿತು. 'ಅದ್ ಹೇಳು ಮತ್ತೆ! ಆ ಬಸ್ಸು ನೆಪ್ಪಿರ್ದೆ? ಡ್ರೈವರ್ ಹಿಂದೆ ಎರಡ್ನೇ ಸೀಟು, ಈ ಕಡೇದು. ಸ್ಪ್ರಿಂಗು ಎದ್ದು ಮುಳ್ಳಂಗೆ ನಿಂತಿತ್ತು. ಮಗಾ ಕೂತ್ರೆ ಬಟ್ಟೆ ಹರಿಯಾಕಿಲ್ವಾ? ಓನರ್ ತಾವ ಹೋದೆ. ಸೀಟು ನಾನ್ ಮಾಡ್ಕೊಡ್ತೀನಿ, ನಂಗೇನೂ ಬ್ಯಾಡ, ಮದ್ದೂರಾಗೆ ನಮ್ಮುಡ್ಗಿ ಹತ್ತಿದ್ರೆ ಅದನ್ನ ಅವ್ಳಿಗೆ ಬುಟ್ಕೊಡ್ಬೇಕು ಅಂದೆ. ಆಯ್ತು ಸಾಬ್ರೇ ಅಂದ. ಕಂದು ಖಾಲಿಯಾಗಿತ್ತು. ನೀಲಿ ಹಾಕ್ದೆ. ಗಟ್ಟಿ ಮಾಲು ಕಣಪ್ಪಾ ಅದು.'

ನೀಲಿ.

ನನಗೆ ಆ ಸೀಟು ಗೊತ್ತಿತ್ತು. ಬಸ್ಸಿಗೆ ಬಸ್ಸೇ ಕಂದು, ಅದೊಂದು ಮಾತ್ರ ನೀಲಿ. ಆ ಬಸ್ಸು ನಮ್ಮೂರಿಗೆ ಬರುವಾಗ ಅರ್ಧ ಖಾಲಿ ಇರುತ್ತಿತ್ತು. ಇರುವುದರಲ್ಲಿ ಮೆತ್ತಗಿದ್ದ ಸೀಟೆಂದು ನಾನು ಓಡಿಹೋಗಿ ಅದರಲ್ಲೇ ಕೂರುತ್ತಿದ್ದೆ. ಮದ್ದೂರಿನಲ್ಲಿ ಅವಳು ಹತ್ತುತ್ತಿದ್ದ ಹಾಗೆ ಕಂಡಕ್ಟರು ಬಂದು, 'ಏಳಪ್ಪಾ, ಏಳು, ಆ ವಮ್ಮುನ್ ಸೀಟು' ಎಂದು ನನ್ನನ್ನು ಎಬ್ಬಿಸುತ್ತಿದ್ದ. ಅವನಿಗೂ ಅವಳಿಗೂ ಏನೋ ಪರಿಚಯ ಇರಬೇಕು, ಅಥವಾ ಓನರಿನ ಕಡೆಯವರಿರಬೇಕು ಎಂದು ನಾನು ಹಲ್ಲು ಕಡಿಯುತ್ತ ಮಂಡ್ಯದವರೆಗೂ ಕಂಬಿ ಹಿಡಿದು ನಿಲ್ಲುತ್ತಿದ್ದೆ. ಅಪ್ಪ ಮಗಳಿಗೆ ಕೊಟ್ಟ ಉತ್ತರದ ಮೇಲೆ ಸೋಮನಹಳ್ಳಿಯಿಂದ ಮದ್ದೂರಿನವರೆಗೆ ಎರಡು ವರ್ಷ ದಿನವೂ ಆರಾಮವಾಗಿ ಕೂತು, ಆಮೇಲೆ ಎಂಟು ವರ್ಷ ಬಿಟ್ಟು, ಅವನು ಉತ್ತರವನ್ನೇ ಕೊಡಲಿಲ್ಲ ಎಂದು ಕಥೆ ಬರೆದ ಮಹಾನುಭಾವ ನಾನು.

ಜೆರಾಕ್ಸನ್ನು ಮಡಚಿ, 'ಕಥೆ ತೆಗೆದುಬಿಡುತ್ತೇನೆ ಮೇಡಂ' ಎಂದೆ.

'ತೆಗೆದ್ರೆ?' ಎಂದರು ನಸೀಮಾ. 'ಜೆರಾಕ್ಸು ಇರುತ್ತಲ್ಲ. ಮುಂದಿನ ವರ್ಷ ಇನ್ನೊಂದು ತರಬೇತಿ, ಇನ್ನೊಬ್ಬರು ಮೇಡಮ್ಮು. ತೆಗೀಬೇಡಿ, ಸರಿಯಾಗಿ ಬರೀರಿ. ಅಚ್ಚಿಗೆ ಕೊಡೋ ಮೊದಲು ನನಗೆ ತೋರಿಸಿ.'

'ಮದ್ದೂರು ಅಂತ್ಲೇ ಹಾಕು' ಎಂದರು ಸಾಬರು. 'ಎಸ್ರೂ ಹಾಕು. ಸತ್ತಾರ್ ಅಂತ. ಮಳವಳ್ಳಿ ಯಾಕೆ, ಅಲ್ ಯಾರವ್ರೆ ನಂಗೆ?'

ಮೂರು ವಾರ ಬರೆದೆ. ಮೊದಲು ಮಳವಳ್ಳಿಯನ್ನು ತೆಗೆದೆ, ಆಮೇಲೆ ರಟ್ಟು, ಗೋಂದು, ರದ್ದಿ ಕಾಗದ. ಎರಡು ಸಲ ಕಾಫಿ ಕುಡಿಸಿದ ಆ ಕೊನೆಯ ಸಾಲನ್ನು ಹೊಡೆದುಹಾಕುವಾಗ ಕೈ ತಡೆಯಿತು, ಸುಳ್ಳೇಕೆ. ಮದ್ದೂರಿನ ಅಂಗಡಿ ಬಂದು ಕೂತಿದ್ದೇ ತಡ, ಅದರ ಹಿಂದೆ ಸುತ್ತಿಗೆ, ನಾರು, ರೆಕ್ಸಿನ್ನಿನ ವಾಸನೆ ತಾವಾಗಿಯೇ ಬಂದವು. ಬಾಯಿಗೆ ಮೊಳೆ ಬಂತು. ಮೊಳೆ ಬಂದ ಮೇಲೆ ಅಪ್ಪನಿಗೆ ಕ್ರೂರಿಯಾಗಲು ಪುರಸೊತ್ತೇ ಇರಲಿಲ್ಲ. ಮಗಳು ಕಾಯುತ್ತ ನಿಂತಿದ್ದಳು, ಅವಳಿಗೆ ಮೊಳೆಯ ಲೆಕ್ಕ ಗೊತ್ತಿತ್ತು. ಮಧ್ಯೆ ಒಬ್ಬ ಗಿರಾಕಿ ಬಂದು ಸೀಟು ಕಿತ್ತುಕೊಂಡು ಓಡಿಹೋಗುತ್ತಾನೆ. ಅವನನ್ನು ಮಾತ್ರ ಬರೆಯುವುದು ಕಷ್ಟವಾಯಿತು.

ಲಿಂಗರಾಜು ಓದಿ ಸ್ವಲ್ಪ ಹೊತ್ತು ಕನ್ನಡಕದ ಕಾಲು ಕಚ್ಚಿಕೊಂಡು ಕೂತ. 'ಮೊದ್ಲಿಂದು ಓದಿದ್ರೆ ಅಳು ಬರಾದು ಕಣ್ಲಾ. ಇದ್ರಾಗೇನೈತೆ? ಒಬ್ಳು ಕಾಲೇಜ್ಗೆ ಓಗ್ಲಾ ಅಂತಾಳೆ, ಅವ್ರಪ್ಪ ಯಾವ್ ಬಸ್ಸು ಅಂತಾನೆ. ಮುಗೀತು.' ಇನ್ನೊಮ್ಮೆ ಪುಟ ತಿರುವಿದ. 'ಮುಖಪುಟ ಬೇರೆ ಮಾಡುಸ್ಬೇಕಲ್ಲಪ್ಪೋ' ಎಂದು ಗೊಣಗಿದ. ಒಪ್ಪಿಗೆಯಾಯಿತು ಎಂದು ಅರ್ಥ ಮಾಡಿಕೊಂಡೆ. ಆದರೂ ಮನೆಗೆ ಬಂದು ಫೋನು ಮಾಡಿ ಕೇಳಿ ಖಚಿತ ಮಾಡಿಕೊಂಡೆ.

ಪ್ರತಿಯನ್ನು ನಸೀಮಾ ಅವರಿಗೆ ಕಳಿಸಿದೆ. ಒಂದು ದಿನ ಸುದ್ದಿಯಿಲ್ಲ. ಎರಡು ದಿನ ಇಲ್ಲ. ಮೂರನೆಯ ದಿನ ಗುಳಿಗೆ ಒಂದು ಹೆಚ್ಚಿಗೆ ನುಂಗಬಹುದೇ ಎಂದು ಮಂಗಳಾಳನ್ನು ಕೇಳುತ್ತಿದ್ದಾಗ ಫೋನು ಬಂತು.

'ಓದಿದೆ ಸಾರ್. ಅಬ್ಬಾನಿಗೂ ಓದಿ ಹೇಳಿದೆ. ಸುತ್ತಿಗೆ ಹಿಡಿಯೋದು ಸರಿಯಾಗಿ ಬಂದದೆ ಅಂದ್ರು. ಹಾಕಬಹುದಂತೆ.'

ಕೈಯಲ್ಲಿದ್ದ ಗುಳಿಗೆಯನ್ನು ಡಬ್ಬಿಗೆ ವಾಪಸು ಹಾಕಿದೆ.

'ಆದ್ರೆ ಒಂದು ಕಡೆ ತಪ್ಪಿದೆ.'

'ಎಲ್ಲಿ ಮೇಡಂ?'

'ಬಸ್ಸಲ್ಲಿ. ಆ ಹುಡುಗಿ ಹತ್ತಿದ ತಕ್ಷಣ ಅಲ್ಲಿ ಕೂತಿದ್ದ ಕಾಲೇಜು ಹುಡುಗ ಎದ್ದು ಸೀಟು ಬಿಟ್ಟುಕೊಟ್ಟ ಅಂತ ಬರ್ದಿದೀರಿ.' ಅವರು ನಗುತ್ತಿದ್ದರೋ ಏನೋ ತಿಳಿಯಲಿಲ್ಲ. 'ತಕ್ಷಣ ಎಲ್ಲಿ ಎದ್ರಿ ಸಾರ್ ನೀವು? ದಿನಾ ಕಂಡಕ್ಟರು ಮೂರು ಸಲ ಕೂಗಬೇಕಿತ್ತು. ಮೊದಲೆರಡು ಸಲ ಕಿಟಕಿ ಆಚೆ ನೋಡ್ಕೊಂಡು ಕೇಳಿಸದವರ ಥರ ಕೂತಿರ್ತಿದ್ರಿ.'

ಅಪ್ಪನನ್ನು ಅವನ ಊರಿಗೆ ಮರಳಿಸಿದ್ದೆ, ಬಾಯಿಗೆ ಮೊಳೆ ಮರಳಿಸಿದ್ದೆ, ಮಗಳಿಗೆ ಅರ್ಜಿ ಮರಳಿಸಿದ್ದೆ. ಕಥೆಯಲ್ಲಿ ಒಬ್ಬನನ್ನು ಮಾತ್ರ ಇದ್ದುದಕ್ಕಿಂತ ಒಳ್ಳೆಯವನನ್ನಾಗಿ ಮಾಡಿದ್ದೆ.

ಲಿಂಗರಾಜುವಿಗೆ ಇನ್ನೊಂದು ದಿನ ಮಿಷನ್ ನಿಲ್ಲಿಸು ಎಂದೆ. ಅವನು ಬೈದ ಬೈಗುಳವನ್ನು ದೂರದ ಊರಿನವರು ಓದಬಹುದೆಂಬ ಕಾರಣಕ್ಕೆ ಇಲ್ಲಿ ಬರೆಯುವುದಿಲ್ಲ. ತಿದ್ದಿದೆ. ಈಗ ಕಥೆಯಲ್ಲಿ ಕಂಡಕ್ಟರು ಮೂರು ಸಲ ಕೂಗುತ್ತಾನೆ. ಹುಡುಗಿ ಪುಸ್ತಕ ಎದೆಗವಚಿಕೊಂಡು ನಿಂತಿರುತ್ತಾಳೆ. ಕಾಲೇಜು ಹುಡುಗ ಕಿಟಕಿಯಾಚೆಗೆ ಮದ್ದೂರನ್ನೇ ಅದುವರೆಗೆ ನೋಡಿರದವನ ಹಾಗೆ ನೋಡುತ್ತ, ನೀಲಿ ಸೀಟಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂತಿರುತ್ತಾನೆ.